ತಮ್ಮ ಕೈಗಳನ್ನೇ ಪರೀಕ್ಷಿಸಿಕೊಂಡ ವೈದ್ಯ



ನಮ್ಮ ಯುವಜನರ ಪುಟದಲ್ಲಿ ಸಾಮಾನ್ಯವಾಗಿ ಸಂತರ ಜೀವನ ಚರಿತ್ರೆ ಬರೆಯುತ್ತೇವೆ. ಈ ಬಾರಿ ಸಂತ ಪದವಿಗೆ ಏರದ, ಬದುಕಿದ್ದಾಗ ತಕ್ಕ ಮರ್ಯಾದೆಯನ್ನೂ ಕಾಣದ ಒಬ್ಬ ವೈದ್ಯರ ಬಗ್ಗೆ ಬರೆಯೋಣ ಎಂದು ನಮ್ಮ ಬಳಗದವರೆಲ್ಲ ಸೇರಿ ತೀರ್ಮಾನಿಸಿದೆವು. ಇಂದು ಯಾವ ಆಸ್ಪತ್ರೆಗೆ ಹೋದರೂ ವಾರ್ಡಿನ ಬಾಗಿಲಲ್ಲಿ, ಮಂಚದ ಪಕ್ಕದಲ್ಲಿ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಬಾಟಲಿ ಇರುತ್ತದೆ. ಕೊರೋನಾ ಬಂದ ಮೇಲೆ ಅದು ನಮ್ಮ ದೇವಾಲಯದ ಬಾಗಿಲಿಗೂ ಬಂತು. ಆ ಪುಟ್ಟ ಬಾಟಲಿಯ ಹಿಂದೆ ಸಾವಿರಾರು ಬಾಣಂತಿಯರ ಸಾವಿದೆ. ಆ ಸಾವಿಗೆ ಕಾರಣ ವೈದ್ಯರಾದ ನಮ್ಮ ಕೈಗಳೇ ಎಂದು ಒಪ್ಪಿಕೊಂಡ ಒಬ್ಬರ ನೋವೂ ಇದೆ. ಅವರೇ ಡಾಕ್ಟರ್ ಇಗ್ನಾಸ್ ಸೆಮ್ಮೆಲ್‌ವೈಸ್.

ದಿನಸಿ ವ್ಯಾಪಾರಿಯ ಮಗ

ಇಗ್ನಾಸ್ ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾ ಪಟ್ಟಣದಲ್ಲಿ. ಡ್ಯಾನ್ಯೂಬ್ ನದಿಯ ಈ ದಡದಲ್ಲಿ ಬುಡಾ, ಆ ದಡದಲ್ಲಿ ಪೆಸ್ಟ್. ಇವೆರಡೂ ಮುಂದೆ ಒಂದಾಗಿ ಬುಡಾಪೆಸ್ಟ್ ಆಯಿತು. ತಂದೆ ಯೋಜೆಫ್ ಅನುಕೂಲಸ್ಥ ದಿನಸಿ ವ್ಯಾಪಾರಿ. ಕಥೋಲಿಕ ಕುಟುಂಬ, ಹತ್ತು ಮಕ್ಕಳು, ಇವರು ಐದನೆಯವರು.

ಅವರ ಮನೆಮಾತು ಜರ್ಮನ್ ಭಾಷೆಯ ಒಂದು ಆಡುರೂಪ. ನಾಡಿನ ಭಾಷೆ ಹಂಗೇರಿಯನ್. ಓದಿನಲ್ಲಿ ಲ್ಯಾಟಿನ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಇದು ಹೊಸದೇನಲ್ಲ. ಮೂರು ಭಾಷೆ ತಿಳಿದಿದ್ದರೂ ಯಾವುದರಲ್ಲೂ ಧೈರ್ಯವಾಗಿ ಬರೆಯಲು ಆಗದ ಸಂಕೋಚ ನಮ್ಮಲ್ಲಿ ಕೆಲವರಿಗಿದೆ. ಸೆಮ್ಮೆಲ್‌ವೈಸ್ ಅವರಿಗೂ ಬರವಣಿಗೆ ಎಂದರೆ ಹಿಂಜರಿಕೆ. ಈ ಹಿಂಜರಿಕೆಗೆ ಮುಂದೆ ಎಷ್ಟು ದೊಡ್ಡ ಬೆಲೆ ತೆರಬೇಕಾಯಿತು ಎಂಬುದನ್ನು ಆಮೇಲೆ ನೋಡೋಣ.

1837ರಲ್ಲಿ ಅವರು ಕಾನೂನು ಓದಲೆಂದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಹೋದರು. ವರ್ಷದೊಳಗೆ ಮನಸ್ಸು ವೈದ್ಯಶಾಸ್ತ್ರದ ಕಡೆ ತಿರುಗಿತು. 1844ರಲ್ಲಿ ವೈದ್ಯ ಪದವಿ ದೊರೆಯಿತು. 1846ರ ಜುಲೈ 1ರಂದು, ಅವರಿಗೆ 28 ತುಂಬಿದ ದಿನವೇ, ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನ್ ಅವರ ಕೈಕೆಳಗೆ ಸಹಾಯಕ ವೈದ್ಯರಾಗಿ ಸೇರಿದರು.

ಎರಡು ವಾರ್ಡುಗಳ ಲೆಕ್ಕ

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ತರಬೇತಿ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ ತರಬೇತಿ. ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡ ಹೆಣ್ಣುಮಕ್ಕಳು. ಮದುವೆಯಾಗದೆ ಗರ್ಭಿಣಿಯಾದವರೂ ಬಹಳ. ಅವರಿಗೆ ಚಿಕಿತ್ಸೆ ಉಚಿತ. ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿಗಳು ಅವರ ಮೇಲೆ ಕೈಪಳಗಿಸಿಕೊಳ್ಳುತ್ತಿದ್ದರು. ಒಂದು ದಿನ ಬಂದವರು ಮೊದಲನೆಯ ವಾರ್ಡಿಗೆ, ಮರುದಿನ ಬಂದವರು ಎರಡನೆಯದಕ್ಕೆ, ಹೀಗೆ ಸರದಿಯಲ್ಲಿ ದಾಖಲು ಮಾಡುತ್ತಿದ್ದರು.

ಮೊದಲನೆಯ ವಾರ್ಡಿನಲ್ಲಿ ಬಾಣಂತಿ ಜ್ವರ ವಿಪರೀತವಾಗಿತ್ತು. ಹೆರಿಗೆಯಾದ ಎರಡು ಮೂರು ದಿನಕ್ಕೆ ಚಳಿಜ್ವರ, ಹೊಟ್ಟೆಯುಬ್ಬರ, ತಡೆಯಲಾಗದ ನೋವು, ಆಮೇಲೆ ಸಾವು. 1846ರಲ್ಲಿ ಮೊದಲನೆಯ ವಾರ್ಡಿನ 4,010 ಹೆರಿಗೆಗಳಲ್ಲಿ 459 ತಾಯಂದಿರು ತೀರಿಕೊಂಡರು. ಅಂದರೆ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು. ಅದೇ ವರ್ಷ ಎರಡನೆಯ ವಾರ್ಡಿನ 3,754 ಹೆರಿಗೆಗಳಲ್ಲಿ ಸತ್ತವರು 105, ನೂರಕ್ಕೆ ಮೂರರ ಒಳಗೆ. ಒಂದೇ ಆಸ್ಪತ್ರೆ, ಅದೇ ಊರಿನ ಅದೇ ಬಡ ಹೆಂಗಸರು. ಹಾಗಿದ್ದರೂ ಇಷ್ಟು ವ್ಯತ್ಯಾಸ.

ಇದು ಊರಿಗೆಲ್ಲ ಗೊತ್ತಿತ್ತು. ಮೊದಲನೆಯ ವಾರ್ಡಿನ ಸರದಿ ಎಂದು ತಿಳಿದರೆ ಗರ್ಭಿಣಿಯರು ಮೊಣಕಾಲೂರಿ, ಕೈಮುಗಿದು, ನಮ್ಮನ್ನು ಇಲ್ಲಿಂದ ಬಿಟ್ಟುಬಿಡಿ ಎಂದು ಬೇಡುತ್ತಿದ್ದರು. ಆಸ್ಪತ್ರೆಗೆ ಬರುವ ದಾರಿಯಲ್ಲೇ, ಬೀದಿಯಲ್ಲೇ ಹೆತ್ತವರು ಕೂಡ ಈ ವಾರ್ಡಿನಲ್ಲಿ ಹೆತ್ತವರಿಗಿಂತ ಹೆಚ್ಚು ಬದುಕುಳಿಯುತ್ತಿದ್ದರು. ಹೆಂಗಸರ ಈ ಭಯವನ್ನು ದೊಡ್ಡ ವೈದ್ಯರು ಬರೀ ಭಯವೆಂದು ತಳ್ಳಿಹಾಕಿದ್ದರು. ಕೆಟ್ಟ ಗಾಳಿ, ಹವೆ, ನಕ್ಷತ್ರ, ಮನಸ್ಸಿನ ಅಳುಕು ಎಂದೆಲ್ಲ ಕಾರಣ ಹೇಳುತ್ತಿದ್ದರು. ಸೆಮ್ಮೆಲ್‌ವೈಸ್ ಅವರಿಗೆ ಈ ಯಾವ ಉತ್ತರವೂ ಸಮಾಧಾನ ಕೊಡಲಿಲ್ಲ. ಕೆಟ್ಟ ಗಾಳಿಯೇ ಕಾರಣವಾದರೆ ಅದು ಪಕ್ಕದ ವಾರ್ಡಿಗೇಕೆ ಬೀಸುವುದಿಲ್ಲ?

ಗುರುಗಳ ಗಂಟೆ

ವಿಜ್ಞಾನ ಓದಿದ ನಮ್ಮಂಥವರಿಗೆ ಅವರ ಜೀವನದಲ್ಲಿ ಬಹಳ ಹಿಡಿಸುವ ಭಾಗ ಇದು. ಅವರು ಎರಡೂ ವಾರ್ಡುಗಳನ್ನು ಎದುರುಬದುರು ಇಟ್ಟು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಏನು ಎಂದು ಒಂದೊಂದಾಗಿ ಹುಡುಕುತ್ತಾ ಹೋದರು. ಜನಸಂದಣಿಯೇ? ಎರಡನೆಯ ವಾರ್ಡಿನಲ್ಲೇ ಸಂದಣಿ ಹೆಚ್ಚು. ಹೆರಿಗೆಯ ಭಂಗಿಯೇ? ಅಲ್ಲಿನಂತೆ ಇಲ್ಲೂ ಮಗ್ಗುಲಾಗಿ ಮಲಗಿಸಿ ನೋಡಿದರು. ಏನೂ ಬದಲಾಗಲಿಲ್ಲ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಯುತ್ತಿರುವವರಿಗೆ ಕಡೆಯ ಸಂಸ್ಕಾರ ಕೊಡಲು ಧರ್ಮಗುರುಗಳು ಬರುವಾಗ ಮುಂದೆ ಒಬ್ಬರು ಗಂಟೆ ಬಾರಿಸುತ್ತಾ ನಡೆಯುತ್ತಿದ್ದರು. ಮೊದಲನೆಯ ವಾರ್ಡಿನಲ್ಲಿ ರೋಗಿಗಳ ಕೋಣೆಯನ್ನು ಮುಟ್ಟಲು ಅವರು ಹಲವು ಬಾಣಂತಿಯರ ಮಂಚಗಳನ್ನು ಹಾದು ಹೋಗಬೇಕಿತ್ತು. ಎರಡನೆಯದರಲ್ಲಿ ನೇರವಾಗಿ ಹೋಗಬಹುದಿತ್ತು. ದಿನದಲ್ಲಿ ಎಷ್ಟೋ ಸಲ ಕೇಳುವ ಆ ಗಂಟೆಯ ಸದ್ದಿಗೆ ಹೆದರಿಯೇ ಹೆಂಗಸರು ಜ್ವರಕ್ಕೆ ಬೀಳುತ್ತಾರೆಂಬ ಮಾತಿತ್ತು. ಆ ಸದ್ದು ಕೇಳಿದರೆ ಸ್ವತಃ ಸೆಮ್ಮೆಲ್‌ವೈಸ್ ಅವರ ಎದೆಯೂ ಹಿಂಡುತ್ತಿತ್ತು. ಗಂಟೆ ಬಾರಿಸದೆ, ಬೇರೆ ದಾರಿಯಿಂದ, ಸದ್ದಿಲ್ಲದೆ ಬರಬೇಕೆಂದು ಅವರು ಗುರುಗಳನ್ನು ವಿನಂತಿಸಿದರು. ಗುರುಗಳು ಒಪ್ಪಿ ಹಾಗೆಯೇ ಮಾಡಿದರು. ಸಾವು ನಿಲ್ಲಲಿಲ್ಲ. ಗಂಟೆ ಕಾರಣವಲ್ಲ ಎಂದಾಯಿತು.

ಸ್ನೇಹಿತನ ಸಾವು ಕೊಟ್ಟ ಉತ್ತರ

1847ರ ಮಾರ್ಚ್‌ನಲ್ಲಿ ಅವರು ಮನಸ್ಸಿನ ಭಾರ ಇಳಿಸಿಕೊಳ್ಳಲು ವೆನಿಸ್ ನಗರಕ್ಕೆ ಹೋಗಿದ್ದರು. ಹಿಂದಿರುಗಿದಾಗ ಆಪ್ತ ಸ್ನೇಹಿತ ಪ್ರೊಫೆಸರ್ ಯಾಕೋಬ್ ಕೊಲೆಚ್ಕಾ ತೀರಿಕೊಂಡ ಸುದ್ದಿ ಕಾದಿತ್ತು. ಶವಪರೀಕ್ಷೆ ಕಲಿಸುವಾಗ ಒಬ್ಬ ವಿದ್ಯಾರ್ಥಿಯ ಚಾಕು ಅವರ ಬೆರಳಿಗೆ ತಾಗಿತ್ತು. ಗಾಯ ನಂಜಾಗಿ, ನಂಜು ಮೈಗೆಲ್ಲ ಏರಿ ಸತ್ತರು. ಅವರ ಶವಪರೀಕ್ಷೆಯ ವರದಿಯನ್ನು ಓದುತ್ತಾ ಸೆಮ್ಮೆಲ್‌ವೈಸ್ ಬೆಚ್ಚಿಬಿದ್ದರು. ಬಾಣಂತಿಯರ ದೇಹದಲ್ಲಿ ತಾವು ಕಂಡಿದ್ದ ಗುರುತುಗಳೇ ಸ್ನೇಹಿತನ ದೇಹದಲ್ಲೂ ಇದ್ದವು.

ಆಗ ಎಲ್ಲವೂ ಹೊಂದಿಕೊಂಡಿತು. ಮೊದಲನೆಯ ವಾರ್ಡಿನ ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಶವಾಗಾರದಲ್ಲಿ ಶವಗಳನ್ನು ಕೊಯ್ದು ಕಲಿತು, ಅಲ್ಲಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬಂದು ಗರ್ಭಿಣಿಯರ ಒಳಪರೀಕ್ಷೆ ಮಾಡುತ್ತಿದ್ದರು. ಸೋಪಿನಿಂದ ಕೈ ತೊಳೆದರೂ ಶವದ ವಾಸನೆ ಹೋಗುತ್ತಿರಲಿಲ್ಲ. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಕೊಲೆಚ್ಕಾ ಅವರಿಗೆ ಚಾಕುವಿನಿಂದ ತಗುಲಿದ ನಂಜು, ತಾಯಂದಿರಿಗೆ ವೈದ್ಯರ ಬೆರಳುಗಳಿಂದ ತಗುಲುತ್ತಿತ್ತು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬ ಮಾತನ್ನು ಆಗಿನ್ನೂ ಹೆಚ್ಚಿನ ವೈದ್ಯರು ಒಪ್ಪಿರಲಿಲ್ಲ. ಶವದ ಕಣಗಳು ಎಂದು ಅವರು ಕರೆದರು.

1847ರ ಮೇ ತಿಂಗಳ ನಡುವಿನಲ್ಲಿ ಅವರು ಒಂದು ಕಟ್ಟುನಿಟ್ಟು ಮಾಡಿದರು. ವಾರ್ಡಿಗೆ ಕಾಲಿಡುವ ಮುನ್ನ ಪ್ರತಿಯೊಬ್ಬರೂ ಕ್ಲೋರಿನ್ ನೀರಿನಲ್ಲಿ ಕೈ ತಿಕ್ಕಿ ತೊಳೆಯಬೇಕು. ಅದು ದುಬಾರಿಯೆಂದು ಸ್ವಲ್ಪ ದಿನದಲ್ಲೇ ಸುಣ್ಣದ ಕ್ಲೋರಿನ್ ಪುಡಿ ಬಳಸತೊಡಗಿದರು. ನಮ್ಮೂರಿನಲ್ಲಿ ಬಾವಿಗೆ ಹಾಕುವ, ಚರಂಡಿಗೆ ಎರಚುವ ಬ್ಲೀಚಿಂಗ್ ಪೌಡರ್ ಇದೆಯಲ್ಲ, ಅದೇ. ಏಪ್ರಿಲ್‌ನಲ್ಲಿ ಆ ವಾರ್ಡಿನಲ್ಲಿ ನೂರಕ್ಕೆ 18ಕ್ಕೂ ಹೆಚ್ಚು ತಾಯಂದಿರು ಸತ್ತಿದ್ದರು. ಜೂನ್‌ನಲ್ಲಿ ಅದು ನೂರಕ್ಕೆ 2ರ ಆಸುಪಾಸಿಗೆ, ಜುಲೈಯಲ್ಲಿ 1ರ ಆಸುಪಾಸಿಗೆ ಇಳಿಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸನ್ನು ಪರೀಕ್ಷಿಸಿದ ಮೇಲೆ, ಬರೀ ಸೋಪಿನಲ್ಲಿ ಕೈ ತೊಳೆದು ಅದೇ ಸಾಲಿನ ಉಳಿದವರನ್ನು ಪರೀಕ್ಷಿಸಿದ್ದರು. ಆಕೆಯ ಜೊತೆಗೆ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಶವದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ಹರಡುತ್ತದೆ ಎಂದು ಇದರಿಂದ ತಿಳಿಯಿತು. ಅಂದಿನಿಂದ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ಹೋಗುವ ಮೊದಲು ಪ್ರತಿ ಸಲವೂ ಕ್ಲೋರಿನ್‌ನಲ್ಲಿ ಕೈ ತೊಳೆಯಬೇಕೆಂಬ ನಿಯಮ ಬಂತು. 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗಳಾಗಿ ಸತ್ತವರು 45. ಆ ವರ್ಷದ ಮಾರ್ಚ್ ಮತ್ತು ಆಗಸ್ಟ್ ತಿಂಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಒಪ್ಪಿಕೊಳ್ಳುವ ಭಾರ

ಈ ಅಂಕಿಗಳ ಹಿಂದೆ ಒಂದು ಸಂಕಟವಿದೆ. ಬಾಣಂತಿ ಜ್ವರದ ಕಾರಣ ಹುಡುಕಬೇಕೆಂಬ ಹಂಬಲದಿಂದಲೇ ಸೆಮ್ಮೆಲ್‌ವೈಸ್ ಬೇರೆ ಹೆಚ್ಚಿನ ಹೆರಿಗೆ ವೈದ್ಯರಿಗಿಂತ ಹೆಚ್ಚು ಶವಗಳನ್ನು ಪರೀಕ್ಷಿಸಿದ್ದರು. ಅಂದರೆ ಆ ತಾಯಂದಿರನ್ನು ಉಳಿಸಬೇಕೆಂದು ಹೆಚ್ಚು ದುಡಿದವರ ಕೈಗಳೇ ಹೆಚ್ಚು ನಂಜು ಹೊತ್ತಿದ್ದವು. 1846ರ ಅಕ್ಟೋಬರ್‌ನಿಂದ ಮುಂದಿನ ಮಾರ್ಚ್‌ವರೆಗೆ ಆ ಹುದ್ದೆಯಲ್ಲಿ ಬೇರೆಯವರಿದ್ದರು. 1847ರ ಮೊದಲ ಮೂರು ತಿಂಗಳು ಸಾವು ಕಡಿಮೆಯೇ ಇತ್ತು. ಅವರು ಹುದ್ದೆಗೆ ಮರಳಿದ ಮರುತಿಂಗಳು, ಏಪ್ರಿಲ್‌ನಲ್ಲಿ, 57 ತಾಯಂದಿರು ಸತ್ತರು.

ಮುಂದೆ ತಮ್ಮ ಪುಸ್ತಕದಲ್ಲಿ ಅವರು ಇದನ್ನು ಮುಚ್ಚಿಡಲಿಲ್ಲ. ತಮ್ಮಿಂದಾಗಿ ಅಕಾಲದಲ್ಲಿ ಸಮಾಧಿ ಸೇರಿದವರೆಷ್ಟು ಎಂಬುದು ದೇವರೊಬ್ಬರಿಗೇ ಗೊತ್ತು ಎಂಬರ್ಥದಲ್ಲಿ ಬರೆದರು. ಇಷ್ಟು ನೋವಿನ ಸಂಗತಿಯಾದರೂ ಅದನ್ನು ಅಡಗಿಸಿಟ್ಟರೆ ಸಾವು ಮುಂದುವರಿಯುತ್ತದೆ, ಸಂಬಂಧಪಟ್ಟವರೆಲ್ಲರಿಗೂ ಅದು ತಿಳಿಯಲೇಬೇಕು ಎಂಬುದು ಅವರ ನಿಲುವಾಗಿತ್ತು.

ಇಂಥ ಭಾರ ಎಲ್ಲರೂ ಹೊರಲಾರರು. ಜರ್ಮನಿಯ ಕೀಲ್ ನಗರದ ಹೆರಿಗೆ ತಜ್ಞ ಗುಸ್ತಾವ್ ಮಿಖಾಯೆಲಿಸ್ ಈ ಸುದ್ದಿ ತಿಳಿದು ತಮ್ಮಲ್ಲೂ ಕ್ಲೋರಿನ್ ತೊಳೆತ ಆರಂಭಿಸಿದರು, ಸಾವು ಇಳಿಯಿತು. ಆದರೆ ತಾವೇ ಪರೀಕ್ಷಿಸಿದ್ದ ಸ್ವಂತ ಸಂಬಂಧಿ ಹೆಣ್ಣುಮಗಳೊಬ್ಬಳು ಅದಕ್ಕೆ ಸ್ವಲ್ಪ ಮುಂಚೆ ಬಾಣಂತಿ ಜ್ವರದಿಂದ ತೀರಿಕೊಂಡಿದ್ದಳು. ಅದಕ್ಕೆ ತಾನೇ ಕಾರಣ ಎಂಬ ಕೊರಗಿನಲ್ಲಿ 1848ರ ಆಗಸ್ಟ್‌ನಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ತಪ್ಪು ಒಪ್ಪಿಕೊಂಡ ವೈದ್ಯನ ಜೊತೆಗೆ ನಿಲ್ಲುವವರೂ ಬೇಕು ಎಂಬುದಕ್ಕೆ ಅವರ ಸಾವು ಸಾಕ್ಷಿ.

ಮುಚ್ಚಿದ ಬಾಗಿಲುಗಳು

ಇಷ್ಟು ಸ್ಪಷ್ಟ ಲೆಕ್ಕವಿದ್ದ ಮೇಲೆ ಎಲ್ಲರೂ ಒಪ್ಪಬೇಕಿತ್ತು. ಒಪ್ಪಲಿಲ್ಲ. ಎಲ್ಲ ರೋಗಕ್ಕೂ ಗಾಳಿಯೇ ಮೂಲ ಎಂಬ ನಂಬಿಕೆ ಬಿಡುವುದು ಕೆಲವರಿಗೆ ಕಷ್ಟವಾಯಿತು. ಇನ್ನು ಕೆಲವರಿಗೆ ಅದಕ್ಕಿಂತ ಕಷ್ಟವಾದದ್ದು, ಗೌರವಸ್ಥ ವೈದ್ಯರ ಕೈ ಕೊಳಕು ಎಂಬ ಮಾತು. ಒಪ್ಪಿದರೆ ತಮ್ಮ ಕೈಯಲ್ಲಿ ಸತ್ತವರ ಲೆಕ್ಕಕ್ಕೂ ಉತ್ತರ ಕೊಡಬೇಕಾಗುತ್ತಿತ್ತು. ಸ್ನೇಹಿತರಾದ ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿ ಬೆನ್ನಿಗೆ ನಿಂತರು. ಹೆಬ್ರಾ 1847ರ ಕೊನೆಯಲ್ಲಿ ವೈದ್ಯ ಪತ್ರಿಕೆಯಲ್ಲಿ ಬರೆದರು. ಆದರೆ ಸೆಮ್ಮೆಲ್‌ವೈಸ್ ತಾವೇ ಬರೆಯಲಿಲ್ಲ. ಹತ್ತು ವರ್ಷ ಬರೆಯಲಿಲ್ಲ. ಅವರ ಸಂಶೋಧನೆ ಬಾಯಿಂದ ಬಾಯಿಗೆ ಹೋಗುವಾಗ ತಿರುಚಿಕೊಂಡಿತು. ಶವದಿಂದ ಮಾತ್ರ ರೋಗ ಎಂದು ಅವರು ಹೇಳುತ್ತಾರೆಂದು ಭಾವಿಸಿ ಬಹಳ ಮಂದಿ ತಳ್ಳಿಹಾಕಿದರು.

1849ರಲ್ಲಿ ಅವರ ಹುದ್ದೆಯ ಅವಧಿ ಮುಗಿಯಿತು. ಕ್ಲೈನ್ ಮುಂದುವರಿಸಲಿಲ್ಲ. ಕಲಿಸುವ ಅವಕಾಶಕ್ಕಾಗಿ ಕಾದು ಕಾದು, ಕೊನೆಗೆ 1850ರಲ್ಲಿ ಅನುಮತಿ ಬಂದಾಗ, ಜೀವಂತ ರೋಗಿಗಳ ಮೇಲಲ್ಲ, ಗೊಂಬೆಯ ಮೇಲೆ ಮಾತ್ರ ಹೆರಿಗೆ ಕಲಿಸಬಹುದು ಎಂಬ ನಿಬಂಧನೆ ಇತ್ತು. ಅವಮಾನ ತಾಳದೆ, ಬೆಂಬಲಿಸಿದ ಸ್ನೇಹಿತರಿಗೂ ಹೇಳದೆ, ಅವರು ಕೆಲವೇ ದಿನಗಳಲ್ಲಿ ವಿಯೆನ್ನಾ ಬಿಟ್ಟು ಊರಿಗೆ ಮರಳಿದರು.

ಸಂತ ರೋಕ್ ಆಸ್ಪತ್ರೆಯಲ್ಲಿ

ಪೆಸ್ಟ್ ನಗರದಲ್ಲಿ ಸಂತ ರೋಕ್ ಅವರ ಹೆಸರಿನ ಒಂದು ಆಸ್ಪತ್ರೆ ಇತ್ತು. ಪ್ಲೇಗ್ ರೋಗಿಗಳ ಪಾಲಕ ಸಂತರೆಂದು ನಾವು ಅವರನ್ನು ಬಲ್ಲೆವು. 1851ರಲ್ಲಿ ಸೆಮ್ಮೆಲ್‌ವೈಸ್ ಅಲ್ಲಿನ ಹೆರಿಗೆ ವಾರ್ಡನ್ನು ಸಂಬಳವಿಲ್ಲದೆ ವಹಿಸಿಕೊಂಡರು. ಆರು ವರ್ಷಗಳಲ್ಲಿ 933 ಹೆರಿಗೆಗಳಾದವು, ಬಾಣಂತಿ ಜ್ವರದಿಂದ ಸತ್ತವರು ಎಂಟೇ ಮಂದಿ. 1855ರಲ್ಲಿ ಪೆಸ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ಅಲ್ಲಿ ಸರಿಯಾಗಿ ಒಗೆಯದ ಹಾಸಿಗೆ ಬಟ್ಟೆಗಳಿಂದ ಜ್ವರ ಬರುತ್ತಿರುವುದನ್ನು ಕಂಡು, ಶುದ್ಧ ಬಟ್ಟೆಗಾಗಿ ಆಡಳಿತದವರ ಜೊತೆ ಜಗಳವನ್ನೇ ಆಡಿದರು. 1857ರಲ್ಲಿ ಮರಿಯಾ ವೈಡೆನ್‌ಹೋಫರ್ ಅವರನ್ನು ಮದುವೆಯಾದರು. ಐದು ಮಕ್ಕಳಾದವು. ಮೊದಲಿನ ಎರಡು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡವು.

1861ರಲ್ಲಿ ಅವರ ದೊಡ್ಡ ಪುಸ್ತಕ ಹೊರಬಂತು. ಒಳಗೆ ಬಲವಾದ ಅಂಕಿಅಂಶಗಳಿದ್ದವು, ಅದರ ಜೊತೆಗೆ ವರ್ಷಗಟ್ಟಲೆ ಕಟ್ಟಿಟ್ಟ ಸಿಟ್ಟೂ ಇತ್ತು. ಟೀಕಿಸಿದ ಪ್ರೊಫೆಸರ್‌ಗಳಿಗೆ ಬಹಿರಂಗ ಪತ್ರ ಬರೆದು ಅವರನ್ನು ಕೊಲೆಗಾರರೆಂದು ಕರೆದರು. ತಾಯಂದಿರ ಸಾವು ನೆನೆದರೆ ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಬೈಸಿಕೊಂಡವರು ಕೈ ತೊಳೆಯಲಿಲ್ಲ, ಮತ್ತಷ್ಟು ದೂರ ಸರಿದರು.

1865ರ ಹೊತ್ತಿಗೆ ಅವರ ಮನಸ್ಸು ಕೆಟ್ಟಿತ್ತು. ಜುಲೈ 30ರಂದು ಹಳೆಯ ಸ್ನೇಹಿತ ಹೆಬ್ರಾ, ಹೊಸ ಆಸ್ಪತ್ರೆ ತೋರಿಸುವ ನೆಪದಲ್ಲಿ ಅವರನ್ನು ವಿಯೆನ್ನಾದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಕರೆದೊಯ್ದರು. ತಪ್ಪಿಸಿಕೊಳ್ಳಲು ಯತ್ನಿಸಿದಾಗ ಅಲ್ಲಿನ ಕಾವಲುಗಾರರು ಹೊಡೆದು, ಕೈಕಟ್ಟುವ ಅಂಗಿ ತೊಡಿಸಿ, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಗಾಯ ಕೊಳೆತು ನಂಜು ರಕ್ತಕ್ಕೇರಿತು. ಆಗಸ್ಟ್ 13ರಂದು, 47ನೆಯ ವಯಸ್ಸಿನಲ್ಲಿ, ಕೊಲೆಚ್ಕಾ ಮತ್ತು ಆ ಸಾವಿರಾರು ತಾಯಂದಿರಂತೆಯೇ ನಂಜಿನಿಂದ ತೀರಿಕೊಂಡರು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಬೆರಳೆಣಿಕೆಯ ಜನರ ನಡುವೆ ಅವರನ್ನು ಸಮಾಧಿ ಮಾಡಿದರು.

ಅವರು ಸಾಯುವ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೊ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಕಾಲು ಮುರಿದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ನಂಜು ತಡೆಯುವ ಕೆಲಸ ಆರಂಭಿಸಿದ್ದರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರ ತರುವ ಸೂಕ್ಷ್ಮಜೀವಿಯನ್ನೇ ತೋರಿಸಿದರು. ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಇಂದು ಸೆಮ್ಮೆಲ್‌ವೈಸ್ ಅವರದೇ ಹೆಸರು. ಅವರು ಹುಟ್ಟಿದ ಮನೆ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ, ಅವರ ಸಮಾಧಿಯೂ ಅಲ್ಲೇ ಇದೆ.

ನಮಗೇನು ಪಾಠ?

ವೈದ್ಯರನ್ನು ಅನುಮಾನದಿಂದ ನೋಡಿ ಎಂದು ಹೇಳಲು ನಾವು ಇದನ್ನು ಬರೆದಿಲ್ಲ. ನಮ್ಮ ಧರ್ಮಕೇಂದ್ರದ ಎಷ್ಟೋ ಅಕ್ಕಂದಿರು ನರ್ಸ್ ಆಗಿ ಹಗಲಿರುಳು ದುಡಿಯುತ್ತಿದ್ದಾರೆ. ವಿಯೆನ್ನಾದ ಆ ವೈದ್ಯರೂ ಕೆಟ್ಟವರಾಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೂ ಕೇಡು ಆಗಬಹುದು. ಅದನ್ನು ನಿಲ್ಲಿಸುವುದು, ಆದದ್ದನ್ನು ಲೆಕ್ಕ ಹಿಡಿದು, ಕಾರಣ ಹುಡುಕಿ, ನಮ್ಮಿಂದಾಯಿತು ಎಂದು ಹೇಳುವ ಧೈರ್ಯ. ಪಿಲಾತನೂ ಕೈ ತೊಳೆದ, ತನಗೆ ಸಂಬಂಧವಿಲ್ಲ ಎಂದು ತೋರಿಸಲು. ಸೆಮ್ಮೆಲ್‌ವೈಸ್ ಕೈ ತೊಳೆದದ್ದು ಸಂಬಂಧವಿದೆ ಎಂದು ಒಪ್ಪಿಕೊಂಡು.

ಇನ್ನೊಂದು ಮಾತು. ಆ ವಾರ್ಡು ಅಪಾಯ ಎಂದು ಪ್ರೊಫೆಸರ್‌ಗಳಿಗಿಂತ ಮೊದಲು ತಿಳಿದಿದ್ದವರು ಮೊಣಕಾಲೂರಿ ಬೇಡಿದ ಬಡ ಗರ್ಭಿಣಿಯರು. ರೋಗಿಯ ಮಾತಿಗೆ ಬೆಲೆ ಇದೆ. ಗಡಿಭಾಗದ ನಮಗೆ ಆಸ್ಪತ್ರೆಯ ಕಾಗದಗಳು ಓದಲು ಬಾರದ ಭಾಷೆಯಲ್ಲಿರುವುದುಂಟು. ಅರ್ಥವಾಗದೆ ಸಹಿ ಹಾಕಬೇಡಿ, ಓದಿ ಹೇಳಿ ಎಂದು ಕೇಳಿ. ಔಷಧಿ ಒಗ್ಗದಿದ್ದರೆ ಮೊದಲೇ ತಿಳಿಸಿ. ಅನುಮಾನವಿದ್ದರೆ, ಕೈ ತೊಳೆದಿರಾ ಡಾಕ್ಟ್ರೇ ಎಂದು ನಯವಾಗಿ ಕೇಳುವುದೂ ತಪ್ಪಲ್ಲ. ಚಿಕಿತ್ಸೆಯ ಚೀಟಿ, ವರದಿಗಳನ್ನೆಲ್ಲ ಒಂದು ಕಡೆ ಜೋಪಾನವಾಗಿಡಿ.

ನಮ್ಮ ಪಾಲಿನ ಕೆಲಸವೂ ಇದೆ. ಬಾಣಂತಿ, ಮಗುವನ್ನು ನೋಡಲು ಹೋದಾಗ ಎತ್ತಿ ಮುದ್ದಾಡುವ ಮೊದಲು ಸೋಪಿನಲ್ಲಿ ಕೈ ತೊಳೆಯೋಣ. ನೆಗಡಿ ಕೆಮ್ಮು ಇದ್ದರೆ ಆ ದಿನ ಹೋಗುವುದೇ ಬೇಡ. ಆಸ್ಪತ್ರೆಯಲ್ಲಿ ಒಬ್ಬರ ಮಂಚದಿಂದ ಇನ್ನೊಬ್ಬರ ಮಂಚಕ್ಕೆ ಪ್ರಾರ್ಥನೆಗೆ ಹೋಗುವ ನಮ್ಮ ಯುವಜನರೂ ಪ್ರತಿ ಸಲ ಕೈ ಶುದ್ಧ ಮಾಡಿಕೊಂಡೇ ಹೋಗಬೇಕೆಂದು ಬಳಗದಲ್ಲಿ ನಿಶ್ಚಯಿಸಿದ್ದೇವೆ.

ವಿಯೆನ್ನಾದ ಆ ವಾರ್ಡಿನಲ್ಲಿ ಹೆಸರಿಲ್ಲದೆ ಹೋದ ತಾಯಂದಿರಿಗಾಗಿ, ಅವರಿಗಾಗಿ ಮನಸ್ಸನ್ನೇ ಕಳೆದುಕೊಂಡ ಈ ವೈದ್ಯರಿಗಾಗಿ, ನಮ್ಮ ಊರುಗಳ ಎಲ್ಲ ವೈದ್ಯರು, ನರ್ಸ್‌ಗಳಿಗಾಗಿ ಈ ತಿಂಗಳು ಒಂದು ಜಪಸರ ಪ್ರಾರ್ಥಿಸೋಣ.

ನಿಮ್ಮ ಯುವಜನರ ಬಳಗ